ಯಾರ ಮನೆ, ಯಾವ ಬೀದಿ?

2020ರ ಮಾರ್ಚ್. ಗೌರಿಬಿದನೂರಲ್ಲಿ ಕೊರೊನಾ ಕಾಣಿಸಿಕೊಂಡಿತ್ತು. ಆರೋಗ್ಯ ಇಲಾಖೆ ಸೋಂಕಿತರ ಹೆಸರು ಹೇಳಲಿಲ್ಲ. ‘ಪಿ’ ಅಕ್ಷರದ ಜೊತೆ ಒಂದು ನಂಬರ್ ಕೊಟ್ಟಿತು. ನಾವು ಕೇಳಿದ್ದೇನು? ಯಾರ ಮನೆ, ಯಾವ ಬೀದಿ, ಯಾವ ಜನ?

2021ರ ಫೆಬ್ರವರಿ 23. ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿ ಬಳಿ ಕ್ವಾರಿಯಲ್ಲಿ ಬಂಡೆ ಸಿಡಿಸೋ ಜಿಲೆಟಿನ್ ಸ್ಫೋಟಿಸಿ ಆರು ಜನ ಸತ್ತರು. ಸಾವಿನ ದೃಶ್ಯ ತೋರಿಸೋದೆಲ್ಲ ಟಿಆರ್‌ಪಿಗಾಗಿ, ಅಂದ್ರೆ ಎಷ್ಟು ಜನ ನೋಡ್ತಾರೆ ಅನ್ನೋ ಲೆಕ್ಕಕ್ಕಾಗಿ ಅಂತ ಬೈತೀವಿ. ಆದ್ರೆ ಆಗ ಸುದ್ದಿ ಚಾನೆಲ್‌ಗಳ ಟಿಆರ್‌ಪಿ ಪ್ರಕಟವಾಗ್ತಾನೇ ಇರಲಿಲ್ಲ. ರೇಟಿಂಗ್ ತಿರುಚಿದ ಆರೋಪ ಎದ್ದ ಮೇಲೆ ವೀಕ್ಷಕರ ಲೆಕ್ಕ ಇಡೋ ಬಾರ್ಕ್ ಸಂಸ್ಥೆ 2020ರ ಅಕ್ಟೋಬರ್‌ನಲ್ಲಿ ಅದನ್ನ ನಿಲ್ಲಿಸಿತ್ತು. ಮತ್ತೆ ಶುರುವಾಗಿದ್ದು 2022ರ ಮಾರ್ಚ್‌ನಲ್ಲಿ. ಹಾಗಾಗಿ ತಪ್ಪೆಲ್ಲ ಟಿಆರ್‌ಪಿಯ ಮೇಲೆ ಹೊರಿಸೋಕಾಗಲ್ಲ. ನೋಡೋ ಕಣ್ಣು ನಮ್ಮದು.

ಕುತೂಹಲ ಇರಲಿ, ಬೇಕೇ ಬೇಕು. ಕ್ವಾರಿಗೆ ಅನುಮತಿ ಕೊಟ್ಟೋರು ಯಾರು, ಅಷ್ಟು ಸ್ಫೋಟಕ ಎಲ್ಲಿಂದ ಬಂತು ಅಂತ ಕೇಳಿ. ಆ ಪ್ರಶ್ನೆ ಸತ್ತವರ ಪರ ನಿಲ್ಲುತ್ತೆ. ಛಿದ್ರವಾದ ದೇಹ, ಎದೆ ಬಡಿದುಕೊಂಡು ಅಳ್ತಿರೋ ತಾಯಿಯ ಬಾಯಿಗೆ ಹಿಡಿದ ಮೈಕು, ಇದನ್ನ ನೋಡೋ ಹಕ್ಕು ನಮಗೆ ಯಾರೂ ಕೊಟ್ಟಿಲ್ಲ.

ಚಿಂತಾಮಣಿಯಲ್ಲಿರಿ, ಶಿಡ್ಲಘಟ್ಟದಲ್ಲಿರಿ, ಅಂಥ ದೃಶ್ಯ ಬಂದ ತಕ್ಷಣ ಚಾನೆಲ್ ಬದಲಿಸಿ. ವಾಟ್ಸ್‌ಆ್ಯಪ್‌ಗೆ ಬಂದ್ರೆ ದಯವಿಟ್ಟು ಇನ್ನೊಬ್ಬರಿಗೆ ಕಳಿಸಬೇಡಿ.