ಕಾಟಾ ಮೇಲೆ ಸೈಕಲ್ಲು

ಚಿಕ್ಕೋಡಿ ಬಸ್ ನಿಲ್ದಾಣದಿಂದ ನಾಲ್ಕು ಹೆಜ್ಜೆ ಆಚೆ ಒಂದು ಕಾಳಿನ ಅಂಗಡಿ, ಅದರ ಮುಂದೆ ಕಬ್ಬಿಣದ ತಟ್ಟೆಯ ಕಾಟಾ. ಮೊದಲು ನಾನೊಬ್ಬನೇ ಹತ್ತಿ ನಿಂತೆ: 104 ಕೆ.ಜಿ. ಆಮೇಲೆ ಸೈಕಲ್ಲನ್ನು ಹೆಗಲಿಗೇರಿಸಿಕೊಂಡು ನಿಂತೆ: 119. ಜೋಳದ ಚೀಲ ತೂಗಿಸಲು ಕಾದು ನಿಂತವರು ಯಾರೂ ನಗಲಿಲ್ಲ. ಈ ಸೀಮೆಯಲ್ಲಿ ಕಾಟಾ ಎಂದರೆ ತಮಾಷೆಯ ಮಾತಲ್ಲ. ಕಬ್ಬಿನ ಹಂಗಾಮಿನಲ್ಲಿ ಟ್ರಾಲಿ ಎಷ್ಟು ತೂಗಿತು ಎಂಬುದರ ಮೇಲೆ ಮನೆಯ ವರ್ಷದ ಲೆಕ್ಕವೇ ನಿಂತಿರುತ್ತದೆ. ಹಿರಿಯರೊಬ್ಬರು ಮಾತ್ರ ಸೈಕಲ್ಲಿನ ಕಡೆ ನೋಡಿ, "ಇದು ತಡೀತೈತೇನ್ರಿ ನಿಮ್ಮನ್ನ?" ಎಂದರು. ನಾನು ಕೇಳಲು ಹೊರಟಿದ್ದೂ ಅದನ್ನೇ.

ಐದು ತಿಂಗಳಲ್ಲಿ ಹಿಂದಿನ ಗಾಲಿಯ ಮೂರು ಕಡ್ಡಿ ಮುರಿದಿದ್ದವು. ಮೂರನೆಯದು ಮುರಿದಾಗ ನಾನು ಎಲ್ಲಿಂದಲೂ ಹಾರಿರಲಿಲ್ಲ, ಗುಂಡಿಗೂ ಇಳಿಸಿರಲಿಲ್ಲ. ಸಪಾಟು ಡಾಂಬರಿನ ಮೇಲೆ ಸಂಜೆ ಗಾಳಿಗೆ ಹೋಗುತ್ತಿದ್ದೆ, ಕೆಳಗಿನಿಂದ 'ಟಣ್' ಎಂದಿತು. ಮನೆಯಲ್ಲಿ ಸೈಕಲ್ಲಿನ ಬದಲು ನನ್ನ ರಾತ್ರಿಯೂಟದ ಬಗ್ಗೆ ಮಾತು ಬಂತು. ಗೆಳೆಯರು, "ಮುಂದೆ ಒಳ್ಳೆ ಏರ್ ಫೋರ್ಕ್ ಹಾಕಿಸು, ಎಲ್ಲ ಸರಿಹೋಗುತ್ತೆ" ಎಂದರು. ಹಿಂದಿನ ಗಾಲಿ ಮುರಿದರೆ ಮುಂದಿನ ಫೋರ್ಕ್ ಏಕೆ ಬದಲಿಸಬೇಕೆಂದು ಯಾರೂ ಹೇಳಲಿಲ್ಲ.

ನನ್ನದು ಹಾರ್ಡ್‌ಟೇಲ್: ಮುಂದೆ ಮಾತ್ರ ಶಾಕ್, ಹಿಂದೆ ಅಲುಗದ ಚೌಕಟ್ಟು. ಹೆಸರೇ ಹೇಳುವಂತೆ ಹಿಂದುಗಡೆ ಏಟು ತಿನ್ನಲು ಇರುವುದು ಗಾಲಿ ಮತ್ತು ಸವಾರ, ಇಬ್ಬರೇ. ಚೌಕಟ್ಟಿನ ಬಗ್ಗೆ ನನಗೆ ಅಷ್ಟು ಅಂಜಿಕೆ ಇರಲಿಲ್ಲ. ಟ್ರೆಕ್ ಕಂಪನಿ ತನ್ನ ಮಾರ್ಲಿನ್ ಹಾರ್ಡ್‌ಟೇಲ್‌ಗೆ ಬರೆದಿರುವ ಮಿತಿ ಸವಾರ, ಸೈಕಲ್ಲು, ಸಾಮಾನು ಎಲ್ಲ ಸೇರಿ 136 ಕೆ.ಜಿ. ನನ್ನದು ಆ ಕಂಪನಿಯದಲ್ಲ, ಆದರೂ ಅಲ್ಯೂಮಿನಿಯಂ ಚೌಕಟ್ಟು ಎಷ್ಟು ಹೊರಬಲ್ಲದು ಎಂಬ ಅಂದಾಜು ಅದರಿಂದ ಸಿಗುತ್ತದೆ. ಅಗ್ಗದ ಸೈಕಲ್ಲಿನಲ್ಲಿ ಚೌಕಟ್ಟಿಗೆ ಚೆಂದದ ಬಣ್ಣ ಹಚ್ಚಿ, ಕಣ್ಣಿಗೆ ಬೀಳದ ಕಡೆ ಕೈ ಬಿಗಿ ಹಿಡಿದಿರುತ್ತಾರೆ. ಗಾಲಿಯ ನಡುವಿನ ಹಬ್ಬಿನ ಒಳಗೆ ಯಾರು ಇಣುಕಿ ನೋಡುತ್ತಾರೆ?

ರಿಪೇರಿ ಅಂಗಡಿ ಪೇಟೆಯ ಒಳದಾರಿಯಲ್ಲಿದೆ. ಬಾಗಿಲ ಮೇಲೆ ಹಳೆ ಟಾಯರುಗಳ ತೋರಣ, ಒಳಗೆ ಗ್ರೀಸಿನ ವಾಸನೆ, ಗೋಡೆಗೆ ತೂಗುಹಾಕಿದ ಕರಿ ಸೈಕಲ್ಲಿನ ಎರಡು ಗಾಲಿ. ಅಂಗಡಿಯವರು ಮೂವತ್ತು ವರ್ಷದಿಂದ ಗಾಲಿ ಕಟ್ಟುತ್ತಿರುವವರು. ನನ್ನ ಮಾತು ಮುಗಿಯುವ ಮೊದಲೇ ಗೋಡೆಯ ಗಾಲಿಗಳನ್ನು ತೋರಿಸಿ, "ಕಡ್ಡಿ ಎಣಸ್ರಿ" ಎಂದರು. ಒಂದರಲ್ಲಿ 32, ಇನ್ನೊಂದರಲ್ಲಿ 40. 40 ಇದ್ದದ್ದು ಹಿಂದಿನದು.

ಸೈಕಲ್ಲು ನೋಡುತ್ತಲೇ ಬೆಳೆದವನು ನಾನು, ಇದನ್ನು ಎಂದೂ ಎಣಿಸಿರಲಿಲ್ಲ. ಇಂಗ್ಲೆಂಡಿನಿಂದ ಬಂದ ಮಾದರಿ ಅದು, ಅಟ್ಲಾಸ್, ಹೀರೊ ಸೈಕಲ್ಲುಗಳು ಅದನ್ನೇ ಮುಂದುವರಿಸಿದವು: 28 ಇಂಚಿನ ಗಾಲಿ, ಮುಂದೆ 32 ಕಡ್ಡಿ, ಹಿಂದೆ 40. ಸೀಟಿನ ಮೇಲೆ ಕೂತವನ ಭಾರದಲ್ಲಿ ಹೆಚ್ಚು ಪಾಲು, ನೂರಕ್ಕೆ ಅರವತ್ತರಷ್ಟು, ಹಿಂದಿನ ಗಾಲಿಗೇ ಬೀಳುತ್ತದೆ. ಆ ಕಾಲದವರಿಗೆ ಇದು ಗೊತ್ತಿತ್ತು, ಎಂಟು ಕಡ್ಡಿ ಹೆಚ್ಚಿಗೆ ಕೊಟ್ಟರು. ಈ ಭಾಗದಲ್ಲಿ ಹಾಲಿನ ಕ್ಯಾನು, ಎಮ್ಮೆಗೆ ಕಬ್ಬಿನ ವಾಡೆ, ಹಿಟ್ಟಿನ ಗಿರಣಿಗೆ ಚೀಲ, ಇವೆಲ್ಲ ಹೋದದ್ದು ಆ ಗಾಲಿಯ ಮೇಲೆ. ಕ್ಯಾರಿಯರಿನಲ್ಲಿ ಹೊರೆ, ನಡುಬಾರಿನ ಮೇಲೆ ಮಗು, ಸೀಟಿನ ಮೇಲೆ ಯಜಮಾನ. ಅವರ ಮುಂದೆ ನನ್ನ 104 ಏನೂ ಅಲ್ಲ. ನನ್ನ ಹೊಸ ಸೈಕಲ್ಲಿನಲ್ಲೋ ಮುಂದೆ 32, ಹಿಂದೆಯೂ 32. ಒಂದೇ ಅಳತೆಯ ರಿಮ್ಮು ತಂದು ಎರಡೂ ಕಡೆ ಕಟ್ಟುವುದು ಕಾರ್ಖಾನೆಗೆ ಸಸಾರ. 40 ಕಡ್ಡಿಯ ಹಳೆ ಗಾಲಿಯನ್ನೇ ಹಾಕೋಣವೆಂದರೆ ಅದು ನನ್ನ ಚೌಕಟ್ಟಿನಲ್ಲಿ ಹಿಡಿಸುವುದಿಲ್ಲ. 27.5 ಇಂಚಿನ ಗುಡ್ಡಗಾಡು ರಿಮ್ಮಿಗೆ ಸುಲಭವಾಗಿ ಸಿಗುವುದು 36 ರಂಧ್ರದವರೆಗೆ.

ಕಡ್ಡಿ ಭಾರಕ್ಕೆ ಒಮ್ಮೆಗೇ ಪಟ್ಟನೆ ಹರಿಯುವುದಿಲ್ಲ, ದಣಿದು ಮುರಿಯುತ್ತದೆ. ಗಾಲಿ ಉರುಳುವಾಗ ನೆಲದ ಕಡೆ ಬಂದ ಕಡ್ಡಿಯ ಬಿಗಿ ಅರೆಕ್ಷಣ ಇಳಿಯುತ್ತದೆ, ಮೇಲೆ ಹೋದಾಗ ಮತ್ತೆ ಏರುತ್ತದೆ. ನನ್ನ ಗಾಲಿಯ ಒಂದು ಸುತ್ತಿಗೆ ಎರಡು ಮೀಟರಿಗಿಂತ ತುಸು ಹೆಚ್ಚು ದಾರಿ. ಚಿಕ್ಕೋಡಿಯಿಂದ ನಿಪ್ಪಾಣಿಗೆ ಸುಮಾರು 25 ಕಿಲೋಮೀಟರ್ ಎಂದರೂ ಒಂದೊಂದು ಕಡ್ಡಿ 11 ಸಾವಿರಕ್ಕೂ ಹೆಚ್ಚು ಸಲ ಸಡಿಲಾಗಿ ಬಿಗಿಯಾಗುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಬಗ್ಗಿಸಿ ಮುರಿಯುತ್ತೇವಲ್ಲ, ಹಾಗೆ. ಮೊದಲೇ ಬಿಗಿಯಾಗಿ, ಎಲ್ಲ ಒಂದೇ ಸಮನಾಗಿ ಕಟ್ಟಿದ್ದರೆ ಈ ಏರಿಳಿತ ಕಡ್ಡಿಗೆ ಅಷ್ಟಾಗಿ ತಾಗುವುದಿಲ್ಲ. ಸಡಿಲವಿದ್ದರೆ ಹಬ್ಬಿನ ಹತ್ತಿರದ ಮೊಣಕೈಯಲ್ಲಿ ಅಲುಗಾಡಿ ಅಲ್ಲೇ ಹರಿಯುತ್ತದೆ. ಅಮೆರಿಕದ ಜೋಬ್ಸ್ಟ್ ಬ್ರಾಂಟ್ ಎಂಬ ಎಂಜಿನಿಯರ್ 1981ರಲ್ಲಿ ಸೈಕಲ್ ಗಾಲಿಯ ಬಗ್ಗೆಯೇ ಒಂದು ಪುಸ್ತಕ ಬರೆದು ಇದನ್ನೆಲ್ಲ ಲೆಕ್ಕ ಹಾಕಿ ತೋರಿಸಿದ. ಚಿಕ್ಕೋಡಿಯ ಈ ಅಂಗಡಿಯವರು ಅದನ್ನು ಬೆರಳಲ್ಲಿ ತೋರಿಸಿದರು. ಮುರಿಯದೆ ಉಳಿದ ಕಡ್ಡಿಗಳನ್ನು ಒಂದೊಂದಾಗಿ ಮೀಟಿದರು. ಚೈನಿನ ಬದಿಯವು 'ಟಿಣ್' ಎಂದವು. ಎಡಬದಿಯವು ಒದ್ದೆ ಹಗ್ಗದ ಹಾಗೆ 'ದುಬ್' ಎಂದವು. ಮುರಿದ ಮೂರೂ ಎಡಬದಿಯವೇ.

ಆಮೇಲೆ ಅಚ್ಚು ಬಿಚ್ಚಿದರು. ಗ್ರೀಸ್ ಒರೆಸಿ, ಗಾಜಿನ ಶೋಕೇಸಿನ ಮೇಲಿಟ್ಟು ಬೆರಳಿನಿಂದ ಉರುಳಿಸಿದರು. ನೆಟ್ಟಗಿದ್ದರೆ ಲಟ್ಟಣಿಗೆಯ ಹಾಗೆ ಹೋಗಬೇಕಾದ ಅಚ್ಚು, ಕುಂಟುತ್ತ, ಒಂದು ತುದಿ ಎದ್ದು ಬಿದ್ದು, ಗಾಜಿನ ಮೇಲೆ ಟಕ್ ಟಕ್ ಎನ್ನುತ್ತ ಹೋಯಿತು. ಅದು ಬಾಗಿದ್ದು ನನಗೆ ಗೊತ್ತೇ ಇರಲಿಲ್ಲ.

ಇದಕ್ಕೂ ಕಾರಣವಿದೆ. ಅಗ್ಗದ ಸೈಕಲ್ಲಿನಲ್ಲಿ ಹಲ್ಲುಚಕ್ರಗಳ ಗೊಂಚಲು, ಅಂದರೆ ಫ್ರೀವೀಲು, ಹಬ್ಬಿನ ಹೊರಗೆ ತಿರುಪಿ ಕೂರಿಸಿದ್ದು. ಆರೇಳು ಚಕ್ರದ ದಪ್ಪ ಸೇರಿದಾಗ ಬಲಬದಿಯ ಬಾಲ್ಸು ಚೌಕಟ್ಟಿನಿಂದ ತುಂಬ ಒಳಗೆ ಉಳಿದುಬಿಡುತ್ತವೆ. ಅಲ್ಲಿಂದ ಆಚೆಗೆ 10 ಮಿ.ಮೀ. ದಪ್ಪದ ಅಚ್ಚು ಆಸರೆಯಿಲ್ಲದೆ ಚಾಚಿಕೊಂಡಿರುತ್ತದೆ. ಭಾರದವನು ಕೂತರೆ ಬಾಗುವುದು ಅಲ್ಲೇ. 1978ರಲ್ಲಿ ಶಿಮಾನೊ ಕಂಪನಿ ಫ್ರೀಹಬ್ ತಂದು ಆ ಬೇರಿಂಗನ್ನು ಚೌಕಟ್ಟಿನ ಸಮೀಪಕ್ಕೆ ಸರಿಸಿತು. ಇಷ್ಟು ವರ್ಷವಾದರೂ ಕಡಿಮೆ ಬೆಲೆಯ ಸೈಕಲ್ಲುಗಳು ಹಳೆಯದನ್ನೇ ಹೊತ್ತು ಬರುತ್ತಿವೆ. ಹಾಗಾಗಿ ಬರೀ ಕಡ್ಡಿ ಹಾಕಿಸಿದರೆ ಪ್ರಯೋಜನವಿಲ್ಲ, ಹಬ್ಬೇ ಬದಲಾಗಬೇಕು. "ಗೇರ್ ಹಿಡಿಕಿ ಬದಲಿ ಮಾಡ್ಬೇಕಾ?" ಎಂದು ಕೇಳಿದೆ. ಬೇಕಿಲ್ಲ. 8 ಗೇರಿನ ಹಬ್ಬಿನ ಮೇಲೆ 4.5 ಮಿ.ಮೀ. ದಪ್ಪದ ಒಂದು ಬಳೆ ತೊಡಿಸಿದರೆ 7 ಗೇರಿನ ಕ್ಯಾಸೆಟ್ ಸರಿಯಾಗಿ ಕೂರುತ್ತದೆ. ಹಿಂದಿನ ಕವಲಿನ ಒಳ ಅಂತರ 135 ಮಿ.ಮೀ. ಇದೆಯೇ ಎಂದು ಮಾತ್ರ ಪಟ್ಟಿ ಹಿಡಿದು ನೋಡಿಕೊಂಡರು.

ಸಾಮಾನು ಹೊರಗಿನಿಂದ ತರಿಸಿದ್ದು: 36 ರಂಧ್ರದ ಜೋಡಿ ಗೋಡೆಯ ರಿಮ್ಮು, ಫ್ರೀಹಬ್, ಹಿತ್ತಾಳೆಯ ನಿಪ್ಪಲ್ಲು. ಕಡ್ಡಿಯ ವಿಷಯದಲ್ಲಿ ನಮ್ಮಿಬ್ಬರ ನಡುವೆ ಸಣ್ಣ ವಾದ ನಡೆಯಿತು. ತುದಿಯಲ್ಲಿ 2 ಮಿ.ಮೀ. ಇದ್ದು ನಡುವೆ 1.8ಕ್ಕೆ ತೆಳ್ಳಗಾಗುವ ಕಡ್ಡಿ ನನಗೆ ಬೇಕಿತ್ತು. ಭಾರದವನಿಗೆ ದಪ್ಪ ಕಡ್ಡಿಯೇ ಲಾಯಕ್ಕು ಎಂದು ಅವರ ಮಾತು. ನೋಡಲು ಅದೇ ಸರಿ ಅನ್ನಿಸುತ್ತದೆ. ಆದರೆ ಮೇವಿನ ಹೊರೆಯನ್ನು ಸರಪಳಿಯಲ್ಲಿ ಬಿಗಿದರೆ ಹೊರೆ ತುಸು ಕುಸಿದ ಕೂಡಲೆ ಸರಪಳಿ ಜೋಲುತ್ತದೆ. ಎಳೆದು ಕಟ್ಟಿದ ಹಗ್ಗ ಕುಸಿತದ ಜೊತೆಗೇ ಕುಗ್ಗಿ ಬಿಗಿ ಉಳಿಸಿಕೊಳ್ಳುತ್ತದೆ. ನಡು ತೆಳ್ಳಗಿನ ಕಡ್ಡಿ ಹಗ್ಗದ ಜಾತಿಯದು. ಅವರು ಸ್ವಲ್ಪ ಹೊತ್ತು ಕಡ್ಡಿಯನ್ನು ತಿರುಗಿಸಿ ನೋಡಿ, "ನಿಮ್ಮ ರೊಕ್ಕ, ನಿಮ್ಮ ಗಾಲಿ" ಎಂದು ಕಟ್ಟಲು ಕೂತರು. ಗಾಲಿಯ ಓಲಾಟ, ಅಂದರೆ ಔಟ್, ತೆಗೆದ ಮೇಲೆ ಎರಡೆರಡು ಕಡ್ಡಿ ಜೋಡಿಸಿ ಹಿಡಿದು, ಹಾಲು ಹಿಂಡುವವರ ಹಾಗೆ ಗಟ್ಟಿಯಾಗಿ ಹಿಚುಕುತ್ತ ಸುತ್ತ ಬಂದರು. ಒಳಗೆ ಕಿರ್ ಕಿರ್ ಸದ್ದು. ಮತ್ತೆ ಔಟ್ ಬಂತು, ಮತ್ತೆ ತೆಗೆದರು. ಹೊಸ ಕಡ್ಡಿ ತನ್ನ ಜಾಗದಲ್ಲಿ ಕೂರುವುದು ಈ ಹಿಚುಕಿನಿಂದ. ಕಾರ್ಖಾನೆಯಿಂದ ಬಂದ ಅಗ್ಗದ ಗಾಲಿಗೆ ಇಂಥ ಕೈ ಸಿಕ್ಕಿರುವುದು ಅಪರೂಪ.

ಉಳಿದದ್ದು ಅರ್ಧ ಗಂಟೆಯ ಕೆಲಸ. ಪ್ಲಾಸ್ಟಿಕ್ ಪೆಡಲ್ ಹೋಗಿ ಲೋಹದ್ದು ಬಂತು. ಪೆಡಲ್ ಅಚ್ಚಿನ ಬಿಡಿ ಬಾಲ್ಸಿನ ಬಿ.ಬಿ. ಹೋಗಿ ಮುಚ್ಚಿದ ಕಾರ್ಟ್ರಿಡ್ಜ್ ಬಂತು. ಸೀಟಿನ ಕೊಳವೆಯನ್ನು ನಾನು ಮಿತಿಯ ಗೆರೆ ಕಾಣುವವರೆಗೆ ಎತ್ತಿದ್ದಕ್ಕೆ ಬೈಸಿಕೊಂಡೆ. ಗೆರೆ ಒಳಗಿದ್ದರೂ ಸಾಲದು, ಕೊಳವೆಯ ತುದಿ ಮೇಲಿನ ಬಾರಿನ ಬೆಸುಗೆಗಿಂತ ಕೆಳಗೆ ಇಳಿದಿರಬೇಕು. ಇಲ್ಲದಿದ್ದರೆ ಸನ್ನೆಗೋಲಾಗಿ ಚೌಕಟ್ಟನ್ನೇ ಸೀಳುತ್ತದೆ. ಉದ್ದದ ಕೊಳವೆ ಕೊಂಡೆ. ಸೀಟು ಮಾತ್ರ ಮೆತ್ತಗಿನದು ಬೇಡವೆಂದೆ. ಸ್ಪಂಜಿನಲ್ಲಿ ಭಾರದವನು ಮುಳುಗುತ್ತಾನೆ, ಕೂರುವುದಿಲ್ಲ. ಅಥಣಿ ಕಡೆಯ ಮದಬಾವಿ ಚಪ್ಪಲಿ ಮೊದಲ ವಾರ ಕಚ್ಚಿ ಆಮೇಲೆ ಕಾಲಿನ ಅಚ್ಚನ್ನೇ ತಾಳುತ್ತದಲ್ಲ, 1866ರಿಂದ ಇರುವ ಇಂಗ್ಲೆಂಡಿನ ಬ್ರೂಕ್ಸ್ ಕಂಪನಿಯ ಚರ್ಮದ ಸೀಟಿನದೂ ಅದೇ ಸ್ವಭಾವ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಾಗ ಬೆಳಗಾವಿ ಜಿಲ್ಲೆಯೂ ಅದರಲ್ಲಿತ್ತು. ಆ ಕೈಗಳು ಒಂದು ಸೈಕಲ್ ಸೀಟು ಹೊಲಿದರೆ ನಾನು ಮೊದಲ ಗಿರಾಕಿ.

ಮಾರನೆಯ ದಿನ ಬೆಳಗಿನ ಆರಕ್ಕೇ ನಿಪ್ಪಾಣಿ ರಸ್ತೆ ಹಿಡಿದೆ. ಎರಡೂ ಕಡೆ ಕಬ್ಬು, ಎದುರಿನಿಂದ ಜೋಡಿ ಟ್ರಾಲಿಯ ಟ್ರ್ಯಾಕ್ಟರು, ಒಳಗಿಂದ ಹಾಡಿನ ಅಬ್ಬರ. ಟ್ರಾಲಿಯಿಂದ ಉದುರಿದ ರವದಿ ಡಾಂಬರಿನ ಅಂಚಿನಲ್ಲಿ ಹಾಸಿರುತ್ತದೆ, ಇಬ್ಬನಿ ಬಿದ್ದರೆ ಬಾಳೆಸಿಪ್ಪೆ. ಖಡಕಲಾಟದ ಆಸುಪಾಸು ಬೇಕೆಂದೇ ಹೊಲದ ದಾರಿಗೆ ಇಳಿಸಿದೆ. ಮೊದಲು 1.95 ಇಂಚಿನ ಟಾಯರಿತ್ತು. ಕಲ್ಲಿಗೆ ತಾಗಿದಾಗ ರಿಮ್ಮಿನ ಎರಡು ಅಂಚಿಗೆ ಟ್ಯೂಬು ಸಿಕ್ಕಿ, ಹಾವು ಕಚ್ಚಿದಂತೆ ಜೋಡಿ ತೂತು ಬೀಳುತ್ತಿತ್ತು. ಗಾಳಿ ಜಾಸ್ತಿ ಹೊಡೆದರೆ ಬೆನ್ನು ನೋಯುತ್ತಿತ್ತು. ಈಗ 2.35 ಹಾಕಿಸಿದ್ದೇನೆ, ಕಡಿಮೆ ಗಾಳಿಯಲ್ಲೇ ತಡೆಯುತ್ತದೆ. ಇದಕ್ಕಿಂತ ಅಗಲ ಈ ಸೀಮೆಗೆ ಬೇಡ. ಮಳೆಗಾಲದ ಯರಿ ಮಣ್ಣಿನಲ್ಲಿ ಟಾಯರಿಗೂ ಚೌಕಟ್ಟಿಗೂ ನಡುವೆ ಬೆರಳು ತೂರುವಷ್ಟು ಜಾಗ ಇಲ್ಲದಿದ್ದರೆ ಸೈಕಲ್ಲನ್ನು ಹೊತ್ತೇ ಬರಬೇಕು. ಜಾಲಿ ಮುಳ್ಳಿಗೆ ಟ್ಯೂಬಿನೊಳಗೆ ಸೀಲೆಂಟ್ ದ್ರವ ತುಂಬಿಸಿದ್ದೆ, ಒಂದು ಮುಳ್ಳು ಕಿತ್ತ ಜಾಗದಲ್ಲಿ ಹಾಲಿನಂತೆ ನೊರೆ ಬಂದು ನಿಂತುಹೋಯಿತು.

ನಿಪ್ಪಾಣಿಯಲ್ಲಿ ಚಹಾ, ಗಾಳಿಯಲ್ಲಿ ತಂಬಾಕಿನ ಘಾಟು. ಪೇಟೆ ದಾಟಿದರೆ ಪುಣೆ–ಬೆಂಗಳೂರು ಹೆದ್ದಾರಿ. 1981ರಲ್ಲಿ ತಂಬಾಕು ಬೆಳೆಗಾರರು ಕೂತು ತಡೆದದ್ದು ಇದನ್ನೇ. ದಕ್ಷಿಣಕ್ಕೆ ತುಸು ದೂರ ಹೋದರೆ ಸ್ತವನಿಧಿ, ಪಾರ್ಶ್ವನಾಥನ ಬಸದಿ, ಅದರ ಮಗ್ಗುಲಿಗೆ ತವಂದಿ ಘಾಟು. ಲಾರಿಗಳ ಹೊಗೆಯಲ್ಲಿ ಏದುಸಿರು ಬಿಡುತ್ತ ಹತ್ತಿದ ಕಥೆ ಬೇಡ. ಕೆಳಗಿಳಿಯುವುದೇ ಭಾರದವನ ಪರೀಕ್ಷೆ. ಸೈಕಲ್ಲು ಸಮೇತ 119 ಕೆ.ಜಿ. 100 ಮೀಟರ್ ಎತ್ತರ ಇಳಿದರೆ, ವೇಗ ಏರಗೊಡದೆ ಹಿಡಿದರೆ, ಮೂರನೇ ಒಂದು ಲೀಟರ್ ನೀರು ಕುದಿಸುವಷ್ಟು ಶಾಖ ಬ್ರೇಕಿಗೆ ಹೋಗುತ್ತದೆ. ಮೂರು ಕಪ್ ಚಹಾ! 60 ಕೆ.ಜಿ.ಯ ಹುಡುಗನಿಗೆ ಎರಡು ಕಪ್ಪೂ ಆಗದು. ವಿಜಯಪುರ ಕಡೆಯ ಹಗುರ ಮೈಯ ಸೈಕ್ಲಿಸ್ಟ್ ಹುಡುಗರು ಬ್ರೇಕಿನ ಬಗ್ಗೆ ಕೊಡುವ ಸಲಹೆ ನನಗೆ ಹೊಂದದಿರುವುದು ಇದಕ್ಕೇ. ಮುಂದಿನ ಡಿಸ್ಕನ್ನು 160ರಿಂದ 180 ಮಿ.ಮೀ.ಗೆ ಏರಿಸಿದ್ದೆ. ಅದೇ ಬೆರಳಿನ ಒತ್ತಿಗೆ ಎಂಟನೇ ಒಂದು ಪಾಲು ಹೆಚ್ಚು ಹಿಡಿತ, ಬಿಸಿ ಆರಲು ಹೆಚ್ಚು ಲೋಹ. ಬ್ರೇಕನ್ನು ಒತ್ತಿ ಹಿಡಿದೇ ಇಳಿಯದೆ, ಗಟ್ಟಿಯಾಗಿ ಒತ್ತಿ, ಬಿಟ್ಟು, ಒತ್ತಿ ಇಳಿದೆ. ಕೆಳಗೆ ಬಂದು ಡಿಸ್ಕಿನ ಮೇಲೆ ಬಾಟಲಿಯ ನಾಲ್ಕು ಹನಿ ಬಿಟ್ಟರೆ ಕಾದ ಹಂಚಿನಂತೆ ಚುರ್ ಎಂದಿತು. ಮುಟ್ಟಿ ನೋಡುವ ಮೂರ್ಖತನ ಹಿಂದೊಮ್ಮೆ ಮಾಡಿದ್ದೇನೆ.

ಇನ್ನು ಗೆಳೆಯರು ಹೇಳಿದ ಆ ಫೋರ್ಕು, ಈ ಕಡೆಯವರ ಬಾಯಲ್ಲಿ ಚಿಮಟಾ. ನಿಜ, ನನ್ನದು ತಗ್ಗುತ್ತದೆ. ಕಾಲಿಗೆ ರಬ್ಬರ್ ಬ್ಯಾಂಡ್ ಸುತ್ತಿ ಸುಮ್ಮನೆ ಕೂತು ನೋಡಿದರೆ 100 ಮಿ.ಮೀ.ನಲ್ಲಿ 38 ಹೋಗಿರುತ್ತದೆ, 20–25 ಇರಬೇಕಾದದ್ದು. ಮೇಲಿನ ಗುಂಡಿ ತಿರುಗಿಸಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆಂದು ಬಹಳ ಜನ ನಂಬಿದ್ದಾರೆ. ಅದು ಸ್ಪ್ರಿಂಗನ್ನು ಮೊದಲೇ ಸ್ವಲ್ಪ ಅದುಮಿಡುತ್ತದೆ, ಅಷ್ಟೆ. ಏರ್ ಫೋರ್ಕಿಗೆ ತೂಕಕ್ಕೆ ತಕ್ಕಷ್ಟು ಗಾಳಿ ಹೊಡೆಯಬಹುದು, ಆದರೆ ಅದರ ಬೆಲೆಗೆ ಈ ಗಾಲಿ, ಟಾಯರು, ಡಿಸ್ಕು ಎಲ್ಲ ಬಂದವು. ಕೊಳ್ಳುವವರು ತಲೆಕೊಳವೆ ನೇರದ್ದೋ ಕೆಳಗೆ ಅಗಲವಾಗುವುದೋ ಎಂದು ಮೊದಲು ಅಳೆಯಲಿ. ಅಗಲದ ದಂಡಿನ ಫೋರ್ಕು ನೇರ ಕೊಳವೆಯೊಳಗೆ ಇಳಿಯದು. ಸನ್‌ಟೂರ್ ತನ್ನ ಹಲವು ಕಾಯಿಲ್ ಫೋರ್ಕುಗಳಿಗೆ ಗಟ್ಟಿ ಸ್ಪ್ರಿಂಗನ್ನು ಬಿಡಿಯಾಗಿ ಮಾರುತ್ತದೆ. ಸದ್ಯಕ್ಕೆ ನನ್ನ ಕಣ್ಣು ಅದರ ಮೇಲಿದೆ.

ಎರಡು ವಾರ, 160 ಕಿಲೋಮೀಟರ್ ಕಳೆದು ಅಂಗಡಿಗೆ ಹೋದೆ. ಹೊಸ ಗಾಲಿ ಮೊದಲ ಓಡಾಟದಲ್ಲಿ ಸ್ವಲ್ಪ ಸಡಿಲಾಗುತ್ತದೆ, ಮತ್ತೊಮ್ಮೆ ತೋರಿಸಲೇಬೇಕು. ಅವರು ಸೈಕಲ್ಲನ್ನು ತಲೆಕೆಳಗು ಮಾಡಿ, ಕಿವಿ ಹತ್ತಿರ ತಂದು, ಎಡಬದಿಯ 18 ಕಡ್ಡಿಗಳನ್ನು ಒಂದೊಂದಾಗಿ ಮೀಟಿದರು. ಹದಿನೇಳು ಒಂದೇ ದನಿ. ಹನ್ನೊಂದನೆಯದಕ್ಕೆ ಕಾಲು ತಿರುವು ಕೊಟ್ಟು, ಮತ್ತೆ ಮೀಟಿ, ಗಾಲಿಯನ್ನು ಜೋರಾಗಿ ತಿರುಗಿಸಿ ಬಿಟ್ಟರು. ಅದು ತಿರುಗುತ್ತಲೇ ಇತ್ತು. ಅವರು ಆಗಲೇ ಹೊರಗೆ ನಿಂತಿದ್ದ ಹಾಲಿನವನ ಸೈಕಲ್ಲಿನ ಪಂಕ್ಚರ್‌ಗೆ ಕೈ ಹಾಕಿದ್ದರು.