ಹೆಸರು ಒಬ್ಬರದು, ದುಡಿದ ಕೈಗಳು ಹತ್ತಾರು



2025ರ ಅಕ್ಟೋಬರ್ 8ರಂದು ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಪ್ರಕಟವಾಯಿತು. ಮರುದಿನ ಪತ್ರಿಕೆಯಲ್ಲಿ ಬಂದ ಸುದ್ದಿಯನ್ನು ನಾನು ಹತ್ತನೇ ತರಗತಿಯ ಮಕ್ಕಳಿಗೆ ಓದಿ ಹೇಳಿದೆ. ಅದೇ ವಾರ ವಿದ್ಯಾರ್ಥಿನಿಯೊಬ್ಬಳ ತಾಯಿ ನನ್ನನ್ನು ನೋಡಲು ಬಂದರು. ಮಗಳಿಗೆ ವಿಜ್ಞಾನದಲ್ಲಿ ಒಳ್ಳೆಯ ಅಂಕ. ತಾಯಿಗೆ ಮಾತ್ರ ಚಿಂತೆ.

"ಡಾಕ್ಟರ್ ಆಗ್ತೇನೆ ಅಂದಿದ್ದರೆ ನನಗೂ ಅರ್ಥ ಆಗ್ತಿತ್ತು ಟೀಚರ್. ಇವಳು ಕೆಮಿಸ್ಟ್ರಿ ಕಲೀತಾಳಂತೆ. ಲ್ಯಾಬಿನಲ್ಲಿ ಕೂತು ಅದೇನು ಮಾಡ್ತಾಳೆ? ಅದರಿಂದ ಯಾರಿಗೆ ಏನು ಪ್ರಯೋಜನ?"

ನಾನು ಮದ್ರಸದಲ್ಲಿ ಕಲಿತು ನಂತರ ಬಿ.ಎ. ಮಾಡಿದವಳು. ರಸಾಯನಶಾಸ್ತ್ರ ನನ್ನ ಪಾಲಿಗೆ ಹತ್ತನೇ ತರಗತಿಗೇ ಮುಗಿದಿತ್ತು. ಆ ತಾಯಿಗೆ ಕೂಡಲೇ ಉತ್ತರ ಕೊಡಲು ನನಗಾಗಲಿಲ್ಲ. ಆಮೇಲೆ ಹುಡುಕಿ ಓದಿ ತಿಳಿದುಕೊಂಡದ್ದನ್ನು ಈಗ ನಿಮ್ಮ ಮುಂದಿಡುತ್ತಿದ್ದೇನೆ.

ನೀರು ಬರುವ ದಿನ

ಆ ವರ್ಷದ ಬಹುಮಾನವನ್ನು ಮೂವರು ಹಂಚಿಕೊಂಡರು. ಅವರು ಜಪಾನಿನ ಸುಸುಮು ಕಿತಗಾವಾ, ಆಸ್ಟ್ರೇಲಿಯಾದ ಮೆಲ್ಬರ್ನ್ ವಿಶ್ವವಿದ್ಯಾಲಯದ ರಿಚರ್ಡ್ ರಾಬ್ಸನ್ ಮತ್ತು ಅಮೇರಿಕದ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಉಮರ್ ಯಾಗಿ.

ಯಾಗಿ 1965ರಲ್ಲಿ ಜೋರ್ಡಾನಿನ ಅಮ್ಮಾನ್ ನಗರದಲ್ಲಿ ಫೆಲೆಸ್ತೀನಿ ನಿರಾಶ್ರಿತ ಕುಟುಂಬವೊಂದರಲ್ಲಿ ಹುಟ್ಟಿದರು. ಒಂದೇ ಕೋಣೆಯ ಮನೆ. ಹತ್ತು ಹನ್ನೆರಡು ಮಂದಿಯ ಜೊತೆ ಸಾಕಿದ ದನಗಳಿಗೂ ಅದೇ ಆಸರೆ. ತಂದೆ ಓದಿದ್ದು ಆರನೇ ತರಗತಿಯವರೆಗೆ. ತಾಯಿಗೆ ಓದು ಬರಹ ಬರುತ್ತಿರಲಿಲ್ಲ. ನಲ್ಲಿಯಲ್ಲಿ ನೀರು ಬರುತ್ತಿದ್ದುದು ವಾರಕ್ಕೋ ಎರಡು ವಾರಕ್ಕೋ ಒಮ್ಮೆ, ಅದೂ ಕೆಲವೇ ಗಂಟೆ. ಆ ಹೊತ್ತಿಗೆ ಎದ್ದು ಸಿಕ್ಕ ಪಾತ್ರೆಗಳಿಗೆಲ್ಲ ನೀರು ತುಂಬಿಸಿಡುವುದು ಹುಡುಗನ ಕೆಲಸವಾಗಿತ್ತು. ಬೇಸಿಗೆಯಲ್ಲಿ ಟ್ಯಾಂಕರಿಗಾಗಿ ಕೊಡ ಹಿಡಿದು ನಿಂತ ನಮಗೆ ಆ ಕಷ್ಟವನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಹತ್ತನೇ ವಯಸ್ಸಿನಲ್ಲಿ ಒಂದು ದಿನ, ಸದಾ ಬೀಗ ಹಾಕಿರುತ್ತಿದ್ದ ಶಾಲೆಯ ಗ್ರಂಥಾಲಯದೊಳಕ್ಕೆ ನುಸುಳಿದ ಆ ಹುಡುಗ ಪುಸ್ತಕವೊಂದನ್ನು ತೆರೆದ. ಅದರಲ್ಲಿ ಕಡ್ಡಿ ಮತ್ತು ಗುಂಡುಗಳಂತಹ ವಿಚಿತ್ರ ಚಿತ್ರಗಳಿದ್ದವು. ಅವು ಅಣುಗಳ ಚಿತ್ರಗಳೆಂದು ಆಮೇಲೆ ತಿಳಿಯಿತು. ಹದಿನೈದನೇ ವಯಸ್ಸಿನಲ್ಲಿ ತಂದೆ ಅವನನ್ನು ಓದಲು ಅಮೇರಿಕಕ್ಕೆ ಕಳುಹಿಸಿದರು. ಅಲ್ಲಿ ಅಂಗಡಿಯಲ್ಲಿ ಗಿರಾಕಿಗಳ ಸಾಮಾನು ಚೀಲಕ್ಕೆ ತುಂಬಿಸುತ್ತಾ, ನೆಲ ಒರೆಸುತ್ತಾ ಕಾಲೇಜು ಮುಗಿಸಿದರು. 1990ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಿಂದ ಪಿಎಚ್‌.ಡಿ. ಪಡೆದರು. ಆರನೇ ತರಗತಿ ಓದಿದ ತಂದೆಯೊಬ್ಬರ ತೀರ್ಮಾನ ಎಷ್ಟು ದೂರ ತಲುಪಿತು ನೋಡಿ!

ಕೂಡು ಕುಟುಂಬದಂತಹ ಬಳಗ

ವಿಜ್ಞಾನಿಯೆಂದರೆ ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬರೇ ಕೂತಿರುತ್ತಾರೆಂದು ನಾನೂ ಭಾವಿಸಿದ್ದೆ. ಅದು ಹಾಗಲ್ಲ. ವಿಶ್ವವಿದ್ಯಾಲಯದ ಸಂಶೋಧನಾ ಬಳಗವೆಂದರೆ ಒಂದು ಕೂಡು ಕುಟುಂಬವಿದ್ದಂತೆ. ಹಿರಿಯರ ಸ್ಥಾನದಲ್ಲಿ ಪ್ರಾಧ್ಯಾಪಕರು. ಅವರ ನಂತರ ಪಿಎಚ್‌.ಡಿ. ಮುಗಿಸಿ ಇನ್ನಷ್ಟು ಅನುಭವಕ್ಕಾಗಿ ಬಂದವರು. ಆಮೇಲೆ ಪಿಎಚ್‌.ಡಿ. ಮಾಡುತ್ತಿರುವವರು, ಕೊನೆಗೆ ಕೆಲಸ ಕಲಿಯಲು ಬಂದ ಪದವಿ ವಿದ್ಯಾರ್ಥಿಗಳು. ಮದುವೆ ಮನೆಯ ಅಡುಗೆಗೆ ಹೆಸರು ಮನೆಯ ಹಿರಿಯರದು, ಈರುಳ್ಳಿ ಹೆಚ್ಚಿದವರು ಹತ್ತು ಮಂದಿ. ಇಲ್ಲಿಯೂ ಹಾಗೆಯೇ.

ಯಾಗಿಯವರ ಬಳಗಕ್ಕೆ ಖ್ಯಾತಿ ತಂದದ್ದು 1999ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ಲೇಖನ. ಅದರಲ್ಲಿ ನಾಲ್ಕು ಹೆಸರುಗಳಿವೆ. ಮೊದಲ ಹೆಸರು ಹೈಲಿಯನ್ ಲಿ. ಎರಡನೆಯದು ಮೊರಾಕ್ಕೊದ ಅಗಾದಿರ್‌ನವರಾದ ಮುಹಮ್ಮದ್ ಎದ್ದಾವುದಿ. ಮೂರನೆಯದು ಹರಳುಗಳ ರಚನೆಯ ತಜ್ಞ ಮೈಕೆಲ್ ಓಕೀಫ್. ಯಾಗಿಯವರ ಹೆಸರು ಕೊನೆಯಲ್ಲಿದೆ. ಕೈಯಾರೆ ಹೆಚ್ಚು ದುಡಿದವರ ಹೆಸರು ಮೊದಲು, ಬಳಗದ ಹಿರಿಯರ ಹೆಸರು ಕೊನೆಗೆ ಎಂಬುದು ಈ ಕ್ಷೇತ್ರದ ಸಾಮಾನ್ಯ ರೂಢಿ. ಕಿರಿಯರ ದುಡಿಮೆಯನ್ನು ಮೊದಲಿಡುವ ಈ ರೂಢಿಯಿಂದ ನಮ್ಮ ಮನೆಗಳೂ ಕಲಿಯಬೇಕಾದದ್ದಿದೆ.

ಈ ಬಳಗದಲ್ಲಿ ನಮ್ಮ ದೇಶದವರೂ ದುಡಿದರು. 2008ರಲ್ಲಿ ಇಂಗಾಲದ ಡೈಆಕ್ಸೈಡ್ ಹಿಡಿದಿಡುವ ವಸ್ತುಗಳ ಬಗ್ಗೆ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಲೇಖನದ ಮೊದಲ ಹೆಸರು ರಾಹುಲ್ ಬ್ಯಾನರ್ಜಿ. ಅವರು ಮುಂದೆ ಭಾರತಕ್ಕೆ ಮರಳಿ ಪುಣೆಯಲ್ಲೂ ಕೊಲ್ಕತ್ತಾದಲ್ಲೂ ತಮ್ಮದೇ ಬಳಗ ಕಟ್ಟಿದರು. ನಮ್ಮ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಸಂಶೋಧನಾ ಕೇಂದ್ರದಲ್ಲಿಯೂ ಇಂತಹ ವಸ್ತುಗಳ ಸಂಶೋಧನೆ ನಡೆದಿದೆ.

ಅವರು ಕಟ್ಟಿದ್ದೇನು?

ನಿರವಯವ ರಸಾಯನಶಾಸ್ತ್ರವೆಂದರೆ ಮುಖ್ಯವಾಗಿ ಲೋಹಗಳು, ಖನಿಜಗಳು ಮತ್ತು ಅವುಗಳ ಸಂಯುಕ್ತಗಳ ಅಧ್ಯಯನ. ಇಂಗಾಲದ ಸಂಯುಕ್ತಗಳದ್ದು ಸಾವಯವ ರಸಾಯನಶಾಸ್ತ್ರ. ಈ ಬಳಗ ಎರಡನ್ನೂ ಜೋಡಿಸಿತು. ಚಪ್ಪರ ಹಾಕುವಾಗ ಕಂಬಗಳನ್ನು ಗಂಟು ಹಾಕಿ ಬಿಗಿಯುತ್ತಾರಲ್ಲ, ಹಾಗೆ ಲೋಹದ ಅಣುಗುಚ್ಛಗಳೇ ಗಂಟುಗಳು, ಸಾವಯವ ಅಣುಗಳೇ ಕಂಬಗಳು. ನಡುವೆ ಲೆಕ್ಕವಿಲ್ಲದಷ್ಟು ಖಾಲಿ ಕೋಣೆಗಳು. 1999ರ ವಸ್ತುವಿನಲ್ಲಿ ಗಂಟು ಸತುವಿನದು. ಕಂಬವಾಗಿದ್ದುದು ಪಾಲಿಯೆಸ್ಟರ್ ಬಟ್ಟೆ, ಪ್ಲಾಸ್ಟಿಕ್ ಬಾಟಲಿಗಳ ತಯಾರಿಕೆಗೆ ಬಳಸುವ ಟೆರೆಫ್ತಾಲಿಕ್ ಆಮ್ಲ. ಹೊರನೋಟಕ್ಕೆ ಅದು ಸಣ್ಣ ಹರಳು. ಆದರೆ ಒಂದೆರಡು ಗ್ರಾಂನ ಒಳಗೋಡೆಗಳನ್ನೆಲ್ಲ ಹರಡಿದರೆ ಫುಟ್‌ಬಾಲ್ ಮೈದಾನದಷ್ಟು ವಿಸ್ತಾರ! ಒಳಗಿನ ದ್ರವ ತೆಗೆದರೆ ಇಂತಹ ಚೌಕಟ್ಟು ಕುಸಿದು ಬೀಳುತ್ತದೆಂದು ಅನೇಕರು ಭಾವಿಸಿದ್ದರು. ಇದು ಖಾಲಿಯಾದ ಮೇಲೂ 300 ಡಿಗ್ರಿ ಸೆಲ್ಸಿಯಸ್ ಶಾಖ ತಡೆದು ನಿಂತಿತು.

ಇಷ್ಟಾದರೂ ಅದಕ್ಕೊಂದು ಕೊರತೆಯಿತ್ತು. ಗಾಳಿಯ ತೇವ ತಗಲಿದರೆ ಅದು ಕೆಡುತ್ತಿತ್ತು. ಬಳಗ ಕೈಚೆಲ್ಲಲಿಲ್ಲ. ಜಿರ್ಕೋನಿಯಂ, ಅಲ್ಯೂಮಿನಿಯಂ ಬಳಸಿ ನೀರಿಗೆ ಹೆದರದ ಚೌಕಟ್ಟುಗಳನ್ನು ಕಟ್ಟಿತು. 2017ರಲ್ಲಿ ಎಂಐಟಿಯ ಪ್ರಾಧ್ಯಾಪಕಿ ಎವೆಲಿನ್ ವಾಂಗ್ ಅವರ ಬಳಗದೊಂದಿಗೆ ಸೇರಿ, ಬರೀ ಬಿಸಿಲಿನ ಶಾಖದಿಂದ ಒಣಗಾಳಿಯಿಂದಲೂ ನೀರು ತೆಗೆಯಬಹುದೆಂದು ತೋರಿಸಿತು. ರಾತ್ರಿ ಹರಳು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಹಗಲು ಬಿಸಿಲಿಗೆ ಅದನ್ನು ಬಿಡುತ್ತದೆ. ಆ ಆವಿ ತಣ್ಣಗಾಗಿ ನೀರಾಗುತ್ತದೆ. 2019ರ ಪ್ರಯೋಗದಲ್ಲಿ ಅಮೇರಿಕದ ಮೊಹಾವಿ ಮರುಭೂಮಿಯಲ್ಲಿ ಒಂದು ಕಿಲೋ ವಸ್ತು ದಿನಕ್ಕೆ ಸುಮಾರು 0.7 ಲೀಟರ್ ನೀರು ಕೊಟ್ಟಿತು. ಕೊಡ ತುಂಬಲು ಅದು ಸಾಲದು, ನಿಜ. ಆದರೂ ನಲ್ಲಿಯ ಮುಂದೆ ಕಾದ ಹುಡುಗನೊಬ್ಬ ಮರುಭೂಮಿಯ ಗಾಳಿಯಿಂದ ನೀರು ತೆಗೆದನೆಂಬುದು ಸಣ್ಣ ಮಾತೇ?

ಆ ತಾಯಿಗೆ ಉತ್ತರ

ಆ ತಾಯಿಯನ್ನು ಮತ್ತೆ ಕರೆಸಿ ಇಷ್ಟನ್ನೂ ಹೇಳಿದೆ. ಹರಳುಗಳ ಒಳರಚನೆಯನ್ನು ಎಕ್ಸ್‌-ರೇಯಿಂದ ಅರಿಯುವ ಕೆಲಸಕ್ಕಾಗಿ 1964ರಲ್ಲಿ ನೊಬೆಲ್ ಪಡೆದ ಡೊರೊಥಿ ಹಾಡ್ಜ್‌ಕಿನ್ ಮೂರು ಮಕ್ಕಳ ತಾಯಿ ಎಂಬುದನ್ನೂ ಹೇಳಿದೆ. ಖರ್ಚಿನ ಮಾತು ಬಂತು. ಎಂ.ಎಸ್ಸಿ. ಆದ ಮೇಲೆ ಸಿಎಸ್‌ಐಆರ್-ಯುಜಿಸಿ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಗಳಿಸಿ ಸಂಶೋಧನೆಗೆ ಸೇರಿದವರಿಗೆ ಸರಕಾರ ಶಿಷ್ಯವೇತನ ಕೊಡುತ್ತದೆ. 2023ರ ಜನವರಿಯಿಂದ ಅದನ್ನು ತಿಂಗಳಿಗೆ 37,000 ರೂಪಾಯಿಗೆ ಏರಿಸಲಾಗಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇವಳ ತಂದೆಯ ಹತ್ತಿರ ನೀವೇ ಒಮ್ಮೆ ಮಾತಾಡಿ ಟೀಚರ್" ಎಂದರು. ನನಗೆ ಅಷ್ಟೇ ಸಾಕಾಗಿತ್ತು.

ಸಹೋದರಿಯರೇ, ಎಲ್ಲ ಮಕ್ಕಳೂ ನೊಬೆಲ್ ಪಡೆಯಲಾರರು, ಪಡೆಯಬೇಕಾಗಿಯೂ ಇಲ್ಲ. ಆದರೆ ಇಂತಹ ಬಳಗವೊಂದರಲ್ಲಿ ಸೀಸೆ ತೊಳೆಯುವುದರಿಂದ ತೊಡಗಿ ಲೇಖನದ ಮೊದಲ ಹೆಸರಿನವರೆಗೆ ನಮ್ಮ ಮಗಳಿಗೂ ಜಾಗವಿದೆ. ನಿಮ್ಮ ಮನೆಯ ಹುಡುಗಿ ವಿಜ್ಞಾನದ ಪುಸ್ತಕ ಹಿಡಿದು ಬಂದಾಗ, ಅದರಲ್ಲಿರುವ ಆ ಕಡ್ಡಿ ಗುಂಡುಗಳ ಚಿತ್ರ ಏನೆಂದು ಅವಳನ್ನೇ ಕೇಳಿ. ಅವಳು ವಿವರಿಸುವಾಗ ಕೈಯಲ್ಲಿರುವ ಕೆಲಸ ಬದಿಗಿಟ್ಟು ಐದು ನಿಮಿಷ ಕೂತು ಆಲಿಸಿ.