ಅರಿವಳಿಕೆಯಲ್ಲಿ ಉಸಿರಿನ ದಾರಿ: ಅಳತೆಯ ಮಹತ್ವ

ಶಸ್ತ್ರಚಿಕಿತ್ಸೆಗೆ ಮುನ್ನ ಅರಿವಳಿಕೆ ತಜ್ಞರು ರೋಗಿಯ ತೂಕ, ಎತ್ತರಗಳನ್ನು ಕೇಳುತ್ತಾರೆ. ಬಾಯಿ ಅಗಲಿಸಿ ನಾಲಿಗೆ ಚಾಚಲು ಹೇಳುತ್ತಾರೆ. ಕತ್ತನ್ನು ಹಿಂದಕ್ಕೆ ಬಾಗಿಸಿ ನೋಡುತ್ತಾರೆ. ಹೊಟ್ಟೆಯ ಶಸ್ತ್ರಚಿಕಿತ್ಸೆಗೆ ಗಂಟಲಿನ ಪರೀಕ್ಷೆ ಏಕೆ ಎಂದು ಅನೇಕರು ಆಶ್ಚರ್ಯಪಡುವುದುಂಟು. ಪ್ರಜ್ಞೆಯಿಲ್ಲದ ಹೊತ್ತಿನಲ್ಲಿ ಉಸಿರಿನ ದಾರಿಯನ್ನು ಕಾಯುವ ಸಾಧನವನ್ನು ಆ ದೇಹಕ್ಕೆ ತಕ್ಕ ಅಳತೆಯಲ್ಲಿ ಆರಿಸುವುದೇ ಇದರ ಉದ್ದೇಶ.

ಸಂಪೂರ್ಣ ಅರಿವಳಿಕೆ ಕೊಟ್ಟಾಗ ಸ್ನಾಯುಗಳು ಸಡಿಲಗೊಂಡು, ನಾಲಿಗೆ ಹಿಂದಕ್ಕೆ ಜಾರಿ ಗಂಟಲನ್ನು ಮುಚ್ಚಬಹುದು. ಇದನ್ನು ತಡೆಯಲು ಮುಖ್ಯವಾಗಿ ಎರಡು ಬಗೆಯ ಸಾಧನಗಳಿವೆ. ಒಂದು, ಶ್ವಾಸನಾಳದೊಳಗೆ ಇಳಿಯುವ ಕೊಳವೆ, ಅಂದರೆ ಎಂಡೋಟ್ರೇಕಿಯಲ್ ಟ್ಯೂಬ್. ಇನ್ನೊಂದು, ಧ್ವನಿಪೆಟ್ಟಿಗೆಯ ಮೇಲೆ ಕೂರುವ ಲಾರಿಂಜಿಯಲ್ ಮಾಸ್ಕ್. ಎರಡನೆಯದನ್ನು ಬ್ರಿಟನ್ನಿನ ವೈದ್ಯ ಆರ್ಚಿ ಬ್ರೈನ್ ಅವರು 1981ರಲ್ಲಿ ರೂಪಿಸಿದರು.

ಲಾರಿಂಜಿಯಲ್ ಮಾಸ್ಕಿನ ಅಳತೆಯನ್ನು ಸಾಮಾನ್ಯವಾಗಿ ತೂಕ ನೋಡಿ ನಿರ್ಧರಿಸುತ್ತಾರೆ. 5 ಕಿಲೋಗ್ರಾಂವರೆಗಿನ ಶಿಶುವಿಗೆ 1ನೆಯ ಸಂಖ್ಯೆ, 10ರಿಂದ 20 ಕಿಲೋ ತೂಕದ ಮಗುವಿಗೆ 2, 30ರಿಂದ 50 ಕಿಲೋ ಇರುವವರಿಗೆ 3, 50ರಿಂದ 70 ಕಿಲೋ ಇರುವವರಿಗೆ 4, ಅದಕ್ಕಿಂತ ಹೆಚ್ಚು ತೂಕದವರಿಗೆ 5. ಆದರೆ ಬೊಜ್ಜು ಬೆಳೆದಷ್ಟು ಗಂಟಲು ಬೆಳೆಯುವುದಿಲ್ಲ. ಆದ್ದರಿಂದ ತಜ್ಞರು ಎತ್ತರವನ್ನೂ ಬಾಯಿಯ ರಚನೆಯನ್ನೂ ಗಮನಿಸುತ್ತಾರೆ. ಶ್ವಾಸನಾಳದ ಕೊಳವೆಯ ಒಳವ್ಯಾಸ ಸಾಮಾನ್ಯವಾಗಿ ಸ್ತ್ರೀಯರಿಗೆ 7ರಿಂದ 7.5 ಮಿಲಿಮೀಟರ್, ಪುರುಷರಿಗೆ 7.5ರಿಂದ 8. ಎರಡು ವರ್ಷ ಮೀರಿದ ಮಕ್ಕಳಿಗೆ ವಯಸ್ಸೇ ಮೊದಲ ಆಧಾರ: ವಯಸ್ಸನ್ನು 4ರಿಂದ ಭಾಗಿಸಿ 3.5 ಕೂಡಿಸಿದರೆ, ಗಾಳಿ ತುಂಬುವ ಪಟ್ಟಿಯುಳ್ಳ ಕೊಳವೆಯ ಅಳತೆ ದೊರೆಯುತ್ತದೆ. ಆರು ವರ್ಷದ ಮಗುವಿಗೆ 5 ಮಿಲಿಮೀಟರ್. ಈ ಲೆಕ್ಕವೂ ಅಂದಾಜೇ ಆದುದರಿಂದ, ಅರ್ಧ ಅಳತೆ ಹೆಚ್ಚಿನ ಮತ್ತು ಕಡಿಮೆಯ ಕೊಳವೆಗಳನ್ನೂ ಸಿದ್ಧವಾಗಿ ಇರಿಸಿಕೊಳ್ಳುತ್ತಾರೆ.

ಸಾಧನ ಚಿಕ್ಕದಾದರೆ ಗಾಳಿ ಸೋರಿ, ಶ್ವಾಸಕೋಶಕ್ಕೆ ಸಾಕಷ್ಟು ಉಸಿರು ತಲುಪದು. ದೊಡ್ಡದಾದರೆ ಒಳಪದರ ಒತ್ತಿ ಗಾಯವಾಗಬಹುದು, ಬಾವು ಬರಬಹುದು. ಶಿಶುವಿನ ಕಿರಿದಾದ ಶ್ವಾಸನಾಳದಲ್ಲಿ ಸುತ್ತಲೂ ಒಂದು ಮಿಲಿಮೀಟರ್ ಬಾವು ಬಂದರೂ ಉಸಿರಿನ ದಾರಿ ಅರ್ಧಕ್ಕಿಂತ ಹೆಚ್ಚು ಕುಗ್ಗುತ್ತದೆ. ಮಗುವಿನ ವಯಸ್ಸನ್ನೂ ತೂಕವನ್ನೂ ಅಂದಾಜಿಗೆ ಹೇಳಬಾರದೆಂಬುದು ಇದಕ್ಕಾಗಿಯೇ.

ಯಾವ ಬಗೆಯ ಸಾಧನ ಎಂಬುದು ಹೊಟ್ಟೆ ಖಾಲಿಯಿದೆಯೇ ಎಂಬುದನ್ನೂ ಅವಲಂಬಿಸಿದೆ. ಹೊಟ್ಟೆಯಲ್ಲಿರುವುದು ಮೇಲೆ ಬಂದರೆ ಲಾರಿಂಜಿಯಲ್ ಮಾಸ್ಕ್ ಅದನ್ನು ಪೂರ್ತಿ ತಡೆಯಲಾರದು. ಅದು ಶ್ವಾಸಕೋಶ ಸೇರಿದರೆ ಪ್ರಾಣಾಪಾಯ. ಆದುದರಿಂದ ಘನ ಆಹಾರವನ್ನು ಕನಿಷ್ಠ 6 ಗಂಟೆ, ಎದೆಹಾಲನ್ನು 4 ಗಂಟೆ, ನೀರನ್ನು 2 ಗಂಟೆ ಮೊದಲು ನಿಲ್ಲಿಸುವುದು ಸಾಮಾನ್ಯ ನಿಯಮ. ನಿಮ್ಮ ವೈದ್ಯರು ಹೇಳಿದ ಅವಧಿಯೇ ನಿಮಗೆ ಪ್ರಮಾಣ. ಬೆಳಗಿನ ಪೂಜೆಯ ನಂತರ ಒಂದು ತುತ್ತು ಪ್ರಸಾದ ಸ್ವೀಕರಿಸಿದ್ದರೂ ಅದನ್ನು ಮರೆಮಾಚದೆ ತಿಳಿಸಬೇಕು. ಪ್ರಸಾದವನ್ನು ತೆಗೆದಿರಿಸಿ, ವೈದ್ಯರ ಅನುಮತಿ ದೊರೆತ ಮೇಲೆ ಸ್ವೀಕರಿಸಿದರೆ ಭಕ್ತಿಗೆ ಯಾವ ಕುಂದೂ ಇಲ್ಲ.

ಅಲುಗಾಡುವ ಹಲ್ಲು, ಕಟ್ಟಿಸಿದ ಹಲ್ಲು, ಜೋರಾದ ಗೊರಕೆ, ಹಿಂದಿನ ಶಸ್ತ್ರಚಿಕಿತ್ಸೆಯಲ್ಲಿ ಕೊಳವೆ ಹಾಕಲು ಕಷ್ಟವಾಗಿದ್ದ ಸಂಗತಿ, ಇವೆಲ್ಲವನ್ನೂ ಹೇಳಬೇಕು; ಹಳೆಯ ದಾಖಲೆಗಳಿದ್ದರೆ ಒಯ್ಯಬೇಕು. ಕೊರಳಲ್ಲಿ ಧರಿಸಿದ ಇಷ್ಟಲಿಂಗದ ಕರಡಿಗೆ ಮತ್ತು ಶಿವದಾರದ ವಿಚಾರವನ್ನೂ ಮುನ್ನಾದಿನವೇ ಮಾತನಾಡಿ ನಿರ್ಧರಿಸಿಕೊಂಡರೆ, ಕೊನೆಯ ಗಳಿಗೆಯ ಕಳವಳ ತಪ್ಪುತ್ತದೆ.

ಶಸ್ತ್ರಚಿಕಿತ್ಸೆಯ ನಂತರ ಒಂದೆರಡು ದಿನ ಗಂಟಲು ನೋಯುವುದು ಸಾಮಾನ್ಯ. ಧ್ವನಿ ಒಡೆದದ್ದು ಸರಿಹೋಗದಿದ್ದರೆ ವೈದ್ಯರನ್ನು ಕಾಣಬೇಕು. ಉಸಿರಾಟಕ್ಕೆ ತೊಂದರೆಯಾದರೆ ಒಡನೆಯೇ ಆಸ್ಪತ್ರೆಗೆ ಧಾವಿಸಬೇಕು. ಸರಿಯಾದ ಅಳತೆಯನ್ನು ಆರಿಸುವುದು ವೈದ್ಯರ ಕಾಯಕ. ಆ ಆಯ್ಕೆಗೆ ಬೇಕಾದ ನಿಜವನ್ನು ನುಡಿಯುವುದು ನಮ್ಮ ಕರ್ತವ್ಯ.